ಕಸ ಹಾಕಬಾರದೆಂದು ನಾನು ಬರೆದ ಬೋರ್ಡು

ಒಂದು ತಗಡಿನ ಮೇಲೆ ನಾಲ್ಕು ಶಬ್ದ ಬರೆಯುವುದು ಎಷ್ಟು ಹೊತ್ತಿನ ಕೆಲಸ? ಅದೂ ನನ್ನಂಥವನಿಗೆ? ಹನ್ನೆರಡು ವರ್ಷ ಟ್ರಂಕು ಮಾಡಿ, ಬಣ್ಣ ಹಚ್ಚಿ, ಮುಚ್ಚಳದ ಮೇಲೆ ಮರಾಠಿ ಅಕ್ಷರದಲ್ಲಿ ಹೆಸರು ಬರೆದು ಕೊಟ್ಟ ಕೈ ಇದು. ಕೊಲ್ಹಾಪುರದ ಎಷ್ಟೋ ಹೆಣ್ಣುಮಕ್ಕಳು ನಾನು ಬರೆದ ಹೆಸರು ಹೊತ್ತುಕೊಂಡೇ ಗಂಡನ ಮನೆಗೆ ಹೋಗಿದ್ದಾರೆ. ಒಂದರ ಮೇಲಾದರೂ ತಪ್ಪು ಬಂದಿದೆಯೇ ಎಂದು ಕೇಳಿದರೆ, ಬಂದಿದೆ. ಆದರೆ ಟ್ರಂಕಿನ ಮೇಲೆ ಹೆಸರು ತಪ್ಪಿದರೆ ಜನ ತಮ್ಮ ಹೆಸರೇ ಹಾಗಿದ್ದೀತೆಂದು ಸುಮ್ಮನಾಗುತ್ತಾರೆ. ಹೀಗಾಗಿ ನನ್ನ ಕೈಬರಹದ ಬಗ್ಗೆ ನನಗೆ ಅಪಾರ ಗೌರವವಿತ್ತು.

ಮಹಾರಾಷ್ಟ್ರ ರಾಜ್ಯ ಆದ ಹೊಸದರ ಮಾತು. ನಾವಿದ್ದದ್ದು ಕೊಲ್ಹಾಪುರದಲ್ಲಿ, ದೇವಿಯ ಗುಡಿಯಿಂದ ಕೆರೆಯ ಕಡೆಗೆ ಹೋಗುವ ಒಂದು ಓಣಿಯಲ್ಲಿ. ಹಿಂದಿನ ಪಡಸಾಲೆಯಲ್ಲಿ ನನ್ನ ಟ್ರಂಕಿನ ಕೆಲಸ. ಬೀದಿಯ ಕಡೆಯ ಕೋಣೆಯಲ್ಲಿ ನನ್ನ ಹೆಂಡತಿ ಗಂಗವ್ವನ ಖಾನಾವಳಿ. ಜೋಳದ ರೊಟ್ಟಿ, ಝುಣಕ, ಶೇಂಗಾ ಹಿಂಡಿ, ಕೊನೆಗೆ ಒಂದು ಮುಷ್ಟಿ ಆಜರಾ ಕಡೆಯ ಅಕ್ಕಿಯ ಅನ್ನ, ಮಜ್ಜಿಗೆ. ಬೆಳಗಾವಿ, ಗೋಕಾಕ, ಅಥಣಿ ಕಡೆಯಿಂದ ದೇವಿಗೆ ಬರುವ ಯಾತ್ರಿಕರು ಗುಡಿಯಲ್ಲಿ ಮರಾಠಿ ಕೇಳಿ ಕೇಳಿ ದಣಿದು, ಗಂಗವ್ವನ ಬಾಗಿಲಲ್ಲಿ "ಬರ್ರಿ, ಕೂಡ್ರಿ" ಎಂಬ ಮಾತು ಕಿವಿಗೆ ಬಿದ್ದೊಡನೆ ಅಲ್ಲೇ ಕುಸಿದು ಕೂಡುತ್ತಿದ್ದರು. ಊರಿನಲ್ಲಿ ನನ್ನನ್ನು ರುದ್ರಪ್ಪ ಎಂದು ಯಾರೂ ಗುರುತಿಸುತ್ತಿರಲಿಲ್ಲ. ಗಂಗವ್ವನ ಗಂಡ ಅನ್ನುತ್ತಿದ್ದರು. ಅದರ ಬಗ್ಗೆ ನನಗೇನೂ ಬೇಸರವಿರಲಿಲ್ಲ, ಏಕೆಂದರೆ ಊಟ ನನಗೂ ಅಲ್ಲೇ ಸಿಗುತ್ತಿತ್ತು.

ಖಾನಾವಳಿಯ ಎದುರಿಗೆ ಒಂದು ಹಳೆಯ ವಾಡೆಯ ಹಿಂಭಾಗದ ಗೋಡೆ. ಆ ಗೋಡೆಯ ಬುಡಕ್ಕೆ ಯಾವ ಪುಣ್ಯಾತ್ಮ ಮೊದಲು ಕಸ ಹಾಕಿದನೋ ಗೊತ್ತಿಲ್ಲ. ಪಕ್ಕದ ಧರ್ಮಶಾಲೆಯಲ್ಲಿ ಇಳಿದ ಯಾತ್ರಿಕರು ಉಂಡ ಪತ್ರಾವಳಿ ಎಸೆದರು. ಅವರನ್ನು ನೋಡಿ ಓಣಿಯವರು ಕಸಬರಿಗೆಯ ಸಮೇತ ಬಂದರು. ತೆಂಗಿನ ಸಿಪ್ಪೆ, ಬಾಡಿದ ಹೂವು, ಬಾಳೆಹಣ್ಣಿನ ಸಿಪ್ಪೆ, ಒಡೆದ ಗಡಿಗೆ, ಕಿತ್ತುಹೋದ ಚಪ್ಪಲಿ, ಎಲ್ಲವೂ ದೇವಿಯ ದರ್ಶನ ಮುಗಿಸಿ ಅಲ್ಲಿಗೆ ಬಂದು ವಿಶ್ರಾಂತಿ ಪಡೆಯತೊಡಗಿದವು. ನಮ್ಮ ಖಾನಾವಳಿಯ ಎಲೆಗಳನ್ನು ಗಂಗವ್ವ ಗೌಳಿಯ ಎಮ್ಮೆಗೆ ಕಳಿಸುತ್ತಿದ್ದಳು. ಆ ತಿಪ್ಪೆಯಲ್ಲಿ ನಮ್ಮ ಮನೆಯದು ಒಂದು ಎಲೆಯೂ ಇರಲಿಲ್ಲ. ಆದರೂ ವಾಸನೆ ಮಾತ್ರ ನೇರವಾಗಿ ನಮ್ಮ ಮನೆಗೇ ಬರುತ್ತಿತ್ತು.

ಪ್ರತಿ ಹುಣ್ಣಿಮೆಗೆ ಗೋಕಾಕ ಕಡೆಯ ಒಬ್ಬ ಗೌಡರು ಇಪ್ಪತ್ತು ಮಂದಿಯನ್ನು ಕಟ್ಟಿಕೊಂಡು ಟ್ರಕ್ಕಿನಲ್ಲಿ ಬರುತ್ತಿದ್ದರು. ಊಟ ಗಂಗವ್ವನ ಕೈಯದೇ ಆಗಬೇಕು. ಅವರ ಬಾಯಿಮಾತಿನಿಂದಲೇ ಸುತ್ತಿನ ಹತ್ತು ಹಳ್ಳಿಯವರು ನಮ್ಮ ಬಾಗಿಲು ಹುಡುಕಿಕೊಂಡು ಬರುತ್ತಿದ್ದದ್ದು. ಆ ಸಲದ ಹುಣ್ಣಿಮೆಗೆ ಗೌಡರು ಬಾಗಿಲ ತನಕ ಬಂದರು, ಎದುರಿನ ತಿಪ್ಪೆ ನೋಡಿದರು, ರುಮಾಲಿನ ತುದಿ ಮೂಗಿಗೆ ಹಿಡಿದರು.

"ಗಂಗವ್ವಾ, ಸಿಟ್ಟಾಗಬ್ಯಾಡ. ಇಲ್ಲಿ ತುತ್ತ ಬಾಯಿಗೆ ಹೋಗೂದಿಲ್ಲವಾ," ಎಂದರು. "ಬರೂ ಹುಣ್ಣಿವಿಗೆ ಒಮ್ಮಿ ನೋಡತೇನಿ. ಆಗೂ ಹಿಂಗ ಇದ್ದರ, ಮೋಟಾರ ಸ್ಟ್ಯಾಂಡಿನ ಕಡೆ ಒಂದ ಖಾನಾವಳಿ ಐತಂತ."

ಇಪ್ಪತ್ತು ಮಂದಿಗೆಂದು ಬಡಿದ ರೊಟ್ಟಿ ಬುಟ್ಟಿಯಲ್ಲೇ ಉಳಿಯಿತು. ಗಂಗವ್ವ ಅಳಲಿಲ್ಲ. ರೊಟ್ಟಿಯ ಬುಟ್ಟಿಯನ್ನು ನನ್ನ ಮುಂದೆ ತಂದಿಟ್ಟಳು.

"ನೋಡ್ರಿ, ಒಂದ ತಿಂಗಳು. ಅಷ್ಟರಾಗ ಆ ತಿಪ್ಪಿ ಹೋಗಲಿಲ್ಲಂದ್ರ ನಾ ಒಲಿ ಆರಸಿ ಕೊರೋಚಿಗೆ ನಮ್ಮ ಅಣ್ಣನ ಮನಿಗೆ ಹೋಗತೇನಿ. ಅಲ್ಲಿ ಮಗ್ಗಕ್ಕ ನೂಲಿನ ಕಂಡಿಕಿ ಸುತಗೋತ ಕೂಡತೇನಿ. ಇಲ್ಲಿ ಮಂದಿ ಮೂಗ ಮುಚಗೊಂಡ ಹೋಗೂದನ್ನ ನೋಡಕೋತ ಕೂಡಾಕ ನನ್ನಿಂದ ಆಗೂದಿಲ್ಲ."

ಅವಳ ಅಣ್ಣ ಇಚಲಕರಂಜಿ ಹತ್ತಿರದ ಕೊರೋಚಿಯಲ್ಲಿ ಪವರ್‌ಲೂಮ್ ನಡೆಸುತ್ತಿದ್ದ. ಗಂಗವ್ವ ಸುಮ್ಮನೆ ಹೆದರಿಸುವ ಪೈಕಿ ಅಲ್ಲ. ಹೇಳಿದ್ದನ್ನು ಮಾಡುವವಳು. ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಆ ಖಾನಾವಳಿ ಅವಳು ಎರಡು ಪಾತ್ರೆ ಒಂದು ಒಲೆಯಿಂದ ಎಬ್ಬಿಸಿ ನಿಲ್ಲಿಸಿದ್ದು. ಯಾರದೋ ಬಾಳೆಹಣ್ಣಿನ ಸಿಪ್ಪೆಯ ಕಾರಣಕ್ಕೆ ಅದು ಮುಚ್ಚಿದರೆ ನಾನು ಗಂಡಸಾಗಿ ಇದ್ದೂ ಏನು ಉಪಯೋಗ? ತಿಪ್ಪೆಯನ್ನು ತೆಗೆದೇ ತೀರುತ್ತೇನೆ ಎಂದು ಆ ಬುಟ್ಟಿಯ ಮೇಲೆ ಕೈಯಿಟ್ಟು ಪಣ ತೊಟ್ಟೆ. ಆಮೇಲೆ ಎಂಟು ದಿನ ಇಬ್ಬರೂ ಅದೇ ರೊಟ್ಟಿ ತಿಂದೆವು.

ಮೊದಲು ಸಾಮೋಪಾಯ. ಒಂದು ಮುಂಜಾನೆಯಿಡೀ ಸಲಿಕೆ ಹಿಡಿದು ತಿಪ್ಪೆಯನ್ನೆಲ್ಲ ತುಂಬಿ ಕೈಗಾಡಿಯಲ್ಲಿ ಊರ ಹೊರಗೆ ಹಾಕಿ ಬಂದೆ. ಮರುದಿನ ಬೆಳಕು ಹರಿಯುವುದಕ್ಕೆ ಗೋಡೆಯ ಬಳಿ ಕೈ ಮುಗಿದು ನಿಂತೆ. ಮೊದಲು ಬಂದವಳು ಹಿಂದಿನ ಓಣಿಯ ಒಬ್ಬ ಮರಾಠಿ ಮಾವಶಿ, ಸೊಂಟದ ಮೇಲೆ ಬುಟ್ಟಿ. ನನ್ನ ಮರಾಠಿ ಅಂಗಡಿ ಬೀದಿಯ ಮರಾಠಿ. ಸಮಯಕ್ಕೆ ಸರಿಯಾಗಿ ಶಬ್ದ ಸಿಗದಿದ್ದರೆ ಕನ್ನಡದ್ದನ್ನೇ ತುರುಕಿ ಮುಂದೆ ಹೋಗುವುದು ನನ್ನ ಪದ್ಧತಿ.

"ಮಾವಶೀ, ಇಥಂ ಕಸ ಟಾಕೂ ನಕಾ," ಎಂದೆ, ಅತ್ಯಂತ ವಿನಯದಿಂದ. ಇಲ್ಲಿ ಕಸ ಹಾಕಬೇಡಿ ಎಂದು.

ಅವಳು ನಿಂತಳು. "ಕಸಂ?" ಎಂದು ಕೇಳಿದಳು.

"ಹಾಂ, ಕಸ, ಕಸ," ಎಂದು ನಾನು ಬುಟ್ಟಿಯ ಕಡೆಗೆ ಕೈ ತೋರಿಸಿದೆ.

"ಹೇ ಅಸಂ," ಎಂದು ಅವಳು ಬುಟ್ಟಿಯನ್ನು ಗೋಡೆಯ ಬುಡಕ್ಕೆ ಬೋರಲು ಹಾಕಿ, ತಳಕ್ಕೆ ಎರಡು ಬಡಿದು, ಹೊರಟು ಹೋದಳು.

ಮರಾಠಿಯಲ್ಲಿ 'ಕಸಂ' ಅಂದರೆ 'ಹೇಗೆ' ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ದಿನಾಲು ನೂರು ಸಲ ಕೇಳುವ ಮಾತು. ಆದರೆ ಆ ಹೊತ್ತಿಗೆ ನೆನಪಾಗಲಿಲ್ಲ. ಹೇಗೆ ಹಾಕಬಾರದು ಎಂದು ನಾನು ಕೇಳುತ್ತಿದ್ದೇನೆಂದು ತಿಳಿದು, ಹೀಗೆ ಹಾಕಬೇಕು ಎಂದು ಅವಳು ಕಲಿಸಿ ಹೋದಳು. ನಾಲ್ಕು ದಿನ ನಿಂತೆ. ನಾಲ್ಕೂ ದಿನ ಜನ ನನಗೆ ಬೇರೆ ಬೇರೆ ಬಗೆಯಲ್ಲಿ ಕಸ ಹಾಕುವುದನ್ನು ತೋರಿಸಿದರು. ಐದನೆಯ ದಿನ ಗೋಡೆಯ ಬುಡ ಮೊದಲಿನ ಹಾಗೆಯೇ ಆಗಿತ್ತು.

"ಬಾಯಿಲೆ ಹೇಳಿದರ ನಿಮ್ಮ ಮಾತ ಮನ್ಯಾಗ ನಾನಽ ಕೇಳೂದಿಲ್ಲ, ಓಣ್ಯಾಗ ಯಾರ ಕೇಳತಾರ?" ಎಂದಳು ಗಂಗವ್ವ. ಬೈಗುಳವಾದರೂ ನನಗೆ ಅದರಲ್ಲಿ ದಾರಿ ಕಂಡಿತು. ಬಾಯಿಯಿಂದ ಬೇಡ, ಬರಹದಿಂದ ಹೇಳೋಣ. ಬೋರ್ಡು! ತಗಡು ನನ್ನದು, ಬಣ್ಣ ನನ್ನದು, ಕೈ ನನ್ನದು.

ವಾಕ್ಯ ಮಾತ್ರ ಪಕ್ಕದ ಅಂಗಡಿಯ ತಾತ್ಯಾ ಅವರಿಂದ ಎರವಲು ತರಬೇಕಾಗಿತ್ತು. ತಾತ್ಯಾ ತಂಬಾಕು ಎಲೆ ಅಡಿಕೆ ಮಾರುವ ಮರಾಠಿ ಹಿರಿಯರು. ಗಡಿಯ ಊರಲ್ಲಿ ಬೆಳೆದವರಾದ್ದರಿಂದ ಕನ್ನಡವನ್ನೂ ಚೆನ್ನಾಗಿ ಆಡುವರು. ನಾನು ತಗಡು ಕುಂಚ ಹಿಡಿದು ಹೋದಾಗ ಅವರು ಗಡಹಿಂಗ್ಲಜಕ್ಕೆ ಮಗಳ ಮನೆಗೆ, ಮೊಮ್ಮಗನ ತೊಟ್ಟಿಲ ಕಾರ್ಯಕ್ಕೆ ಹೊರಟು ನಿಂತಿದ್ದರು. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಛತ್ರಿ, ಬಾಯಿ ತುಂಬ ತಂಬಾಕು.

"ಲಗೂನ ಬರಕೋ ರುದ್ರಾಪ್ಪಾ, ಮೋಟಾರ ಹೋಗತೈತಿ," ಎಂದು ತಾತ್ಯಾ ಮುಗಿಲಿಗೆ ಮುಖ ಮಾಡಿ, ತುಟಿಯಿಂದಾಚೆ ರಸ ಇಳಿಯದಂತೆ ಹೇಳತೊಡಗಿದರು. "ಯೇಥೇ... ಕಚರಾ..." ಅದು ಮೊದಲ ಸಾಲಾಯಿತು. 'ಇಲ್ಲಿ ಕಸ'. ಎರಡನೆಯ ಸಾಲಿಗೆ ಅವರು ಅಕ್ಷರ ಅಕ್ಷರವಾಗಿ ಇಳಿದರು. "ಟಾ... ಕೂ... ನ..." ಅಷ್ಟಕ್ಕೆ ಬಾಯಿ ತುಂಬಿತು. ಹೊರಳಿ ಗೋಡೆಯ ಬುಡಕ್ಕೆ ಪಿಚಕ್ಕನೆ ಉಗುಳಿ, ತುಟಿ ಒರಸಿಕೊಂಡು, "...ಯೇ," ಎಂದರು. ಉಗುಳಿದ್ದು ಅದೇ ತಿಪ್ಪೆಗೆ ಎಂಬುದನ್ನು ನಾನು ಆಗ ಗಮನಿಸಲಿಲ್ಲ. ತಾತ್ಯಾ ಹೊರಟೇ ಹೋದರು.

ಟ್ರಂಕಿನ ಕೆಲಸದಲ್ಲಿ ನಮ್ಮದೊಂದು ರೂಢಿಯಿದೆ. ಗಿರಾಕಿ ಹೆಸರು ಹೇಳುವಾಗ ಎಲ್ಲಿ ನಿಲ್ಲುತ್ತಾನೋ ಅಲ್ಲಿ ನಾವು ಒಂದು ಹೂವಿನಷ್ಟು ಜಾಗ ಬಿಡುತ್ತೇವೆ. ಸ್ವಂತದ ಹೆಸರು, ಹೂವು, ತಂದೆಯ ಹೆಸರು, ಹೂವು, ಮನೆತನ. ಹಾಗೆಯೇ ಇಲ್ಲಿಯೂ ತಾತ್ಯಾ ಉಗುಳಿದಲ್ಲಿ ಸರಿಯಾಗಿ ಜಾಗ ಬಿಟ್ಟೆ. 'ಟಾಕೂನ', ಜಾಗ, 'ಯೇ'. ಆ ಜಾಗದಲ್ಲಿ ಒಂದು ಕೆಂಪು ಗುಲಾಬಿ ಬರೆದೆ. ಎಲೆ ಎರಡು, ಮುಳ್ಳು ಒಂದು. ಎರಡೂ ಬದಿಗೆ ಎರಡು ನವಿಲು. ಕೆಳಗೆ ಕನ್ನಡದಲ್ಲೂ ಒಂದು ಸಾಲು ಬರೆಯುವ ಮನಸ್ಸಿತ್ತು, ಆದರೆ ನವಿಲಿನ ಗರಿ ಜಾಗ ತಿಂದಿತು. ಉಳಿದ ಇಷ್ಟೇ ಇಷ್ಟು ಜಾಗದಲ್ಲಿ, ಜನಕ್ಕೆ ಸ್ವಲ್ಪ ಭಯವಿರಲಿ ಎಂದು, ಕಚೇರಿಯ ಗೋಡೆಗಳ ಮೇಲೆ ಕಂಡ ಒಂದು ಶಬ್ದವನ್ನು ನಾನೇ ಸೇರಿಸಿದೆ: 'ಹುಕುಮಾವರೂನ'. ಅಪ್ಪಣೆಯ ಮೇರೆಗೆ. ಯಾರ ಅಪ್ಪಣೆ ಎಂಬುದನ್ನು ಓದುವವರ ಊಹೆಗೆ ಬಿಟ್ಟೆ.

ಬೋರ್ಡು ಗೋಡೆಗೆ ಏರಿದ ದಿನ ಗಂಗವ್ವ ಹೊರಗೆ ಬಂದು ಬಹಳ ಹೊತ್ತು ನೋಡಿದಳು. ಅವಳಿಗೆ ಓದು ಬರದು.

"ನವಿಲ ಚಂದ ಆಗ್ಯಾವ," ಎಂದಳು. ಮದುವೆಯಾದಾಗಿನಿಂದ ನನ್ನ ಕೆಲಸಕ್ಕೆ ಸಿಕ್ಕ ದೊಡ್ಡ ಬಿರುದು ಅದು. ಆ ದಿನ ನಾನು ಎದೆ ಉಬ್ಬಿಸಿಕೊಂಡೇ ತಗಡು ಬಡಿದೆ.

ಮರುದಿನ ಮುಂಜಾನೆ ಎದ್ದು ನೋಡಿದರೆ ತಿಪ್ಪೆ ಎರಡು ಪಟ್ಟು ಆಗಿತ್ತು. ನಮ್ಮ ಓಣಿಯವರಷ್ಟೇ ಅಲ್ಲ, ನಾನು ಮುಖ ಕಾಣದ ಹೆಂಗಸರು ಬುಟ್ಟಿ ಹಿಡಿದು ಒಬ್ಬರ ಹಿಂದೊಬ್ಬರು ಸಾಲಾಗಿ ನಿಂತಿದ್ದರು. ಪ್ರತಿಯೊಬ್ಬರೂ ಬೋರ್ಡಿನ ಕಡೆ ಒಮ್ಮೆ ನೋಡಿ, ತುಟಿ ಅಲ್ಲಾಡಿಸಿ ಓದಿ, ತಲೆದೂಗಿ, ನಂತರ ಅದರ ಬುಡಕ್ಕೇ ಸುರಿದು ಹೋಗುತ್ತಿದ್ದರು. ಒಬ್ಬ ಮುದುಕಿಯಂತೂ ನನ್ನ ಕೈಯಲ್ಲಿದ್ದ ಬಣ್ಣದ ಕಲೆ ನೋಡಿ, "ತೂ ಲಿವಲಂಸ ವ್ಹಯ? ಚಾಂಗಲಂ ಕೇಲಂಸ, ಬಾಬಾ," ಎಂದು ನನ್ನ ತಲೆಯ ಮೇಲೆ ಕೈಯಿಟ್ಟು ಹರಸಿದಳು. ನೀನೇ ಬರೆದೆಯಾ, ಒಳ್ಳೆಯದು ಮಾಡಿದೆಯಪ್ಪಾ ಎಂದು! ಇಂಥ ಕುಚೋದ್ಯ ನಾನು ನನ್ನ ಆಯುಷ್ಯದಲ್ಲಿ ಕಂಡಿರಲಿಲ್ಲ.

"ಮಂದಿ ಬೇಕಂತ ಹಟಕ್ಕ ಬಿದ್ದಾರ," ಎಂದೆ ಗಂಗವ್ವನಿಗೆ.

"ನನಗ ಹಂಗ ಕಾಣೂದಿಲ್ರಿ," ಎಂದಳು ಅವಳು, ಬಾಗಿಲಿಗೆ ಗೋಣಿತಟ್ಟಿನ ಪರದೆ ಕಟ್ಟುತ್ತ. "ಹಟದ ಮಂದಿ ಇಷ್ಟ ನೆಟ್ಟಗ ಪಾಳಿ ಹಚ್ಚಿ ನಿಂದರತಾರೇನು? ನೀವು ಬರದದ್ದ ಓದೇ ಬರಾಕತ್ತಾರ. ಏನ ಬರದೀರಿ ಒಂದಿಷ್ಟ ಯಾರನರ ಕೇಳ್ರಿ."

ಹನ್ನೆರಡು ವರ್ಷದ ಕೈಬರಹದ ಮೇಲೆ ಓದು ಬಾರದ ಹೆಂಗಸು ಸಂಶಯಪಡುವುದೆಂದರೇನು? ನನಗೆ ಸಿಟ್ಟು ನೆತ್ತಿಗೇರಿತು. ಯಾರನ್ನೂ ಕೇಳಲಿಲ್ಲ. ಬೋರ್ಡು ಚಿಕ್ಕದಾಯಿತು, ದೂರದವರಿಗೆ ಕಾಣುವುದಿಲ್ಲ, ಅದೇ ಇದಕ್ಕೆ ಕಾರಣ ಎಂದು ತೀರ್ಮಾನಿಸಿದೆ. ದೊಡ್ಡ ಟ್ರಂಕಿಗೆಂದು ಇಟ್ಟಿದ್ದ ತಗಡನ್ನು ತೆಗೆದು, ಮೊದಲಿನದನ್ನು ಅಕ್ಷರಕ್ಕೆ ಅಕ್ಷರ, ಹೂವಿಗೆ ಹೂವು ನಕಲು ಮಾಡಿ, ಓಣಿಯ ಬಾಯಿಗೆ, ಗುಡಿಯಿಂದ ಬರುವ ದಾರಿಯ ಮೇಲೆಯೇ ನಿಲ್ಲಿಸಿದೆ. ಯಾವ ಜಾಗದ ಮಾತು ಎಂದು ಪರವೂರಿನವರಿಗೆ ತಿಳಿಯಬೇಕಲ್ಲ? ಅದಕ್ಕಾಗಿ ಒಂದು ದೊಡ್ಡ ಬಾಣ ಬರೆದೆ. ಬಾಣದ ತುದಿ ನಮ್ಮ ಖಾನಾವಳಿಯ ಎದುರಿನ ಗೋಡೆಯ ಕಡೆಗೆ.

ಆ ಬಾಣ ಗುರಿ ತಪ್ಪಲಿಲ್ಲ. ಎರಡೇ ದಿನಗಳಲ್ಲಿ ಕೆರೆಯ ದಂಡೆಯ ಮೇಲಿನ ಭೇಳ್ ಮಾರುವವರು, ಗುಡಿಯ ಹೂವಿನವರು, ಎರಡು ಚಹಾದಂಗಡಿ, ಒಬ್ಬ ಕ್ಷೌರಿಕ, ಎಲ್ಲರ ಸಂಪತ್ತೂ ನಮ್ಮ ಬಾಗಿಲಿಗೆ ಬಂದು ಬಿದ್ದಿತು. ಯಾರೋ ಒಂದು ಹರಿದ ಗಾದಿ ತಂದು ಹಾಕಿದರು. ಅದರ ಮೇಲೆ ಒಂದು ನಾಯಿ ಸಂಸಾರ ಹೂಡಿತು. ಖಾನಾವಳಿಗೆ ಊಟಕ್ಕೆ ಬರುವವರು ಇಬ್ಬರೋ ಮೂವರೋ. ಅವರೂ ನೆಗಡಿಯಾದವರು. ಒಂದು ಮಧ್ಯಾಹ್ನ ನಾನು ಒಳಗೆ ಹೋದಾಗ ಅವಳು ಒಂದು ಟ್ರಂಕಿನಲ್ಲಿ ಸೀರೆ ಮಡಚಿ ಇಡುತ್ತಿದ್ದಳು. ಟ್ರಂಕೂ ನಾನೇ ಮಾಡಿದ್ದು. ಮುಚ್ಚಳದ ಮೇಲೆ ಅವಳ ಹೆಸರು, ಪಕ್ಕದಲ್ಲಿ ಗುಲಾಬಿ. ಬಂದ ಹೆಜ್ಜೆಯಲ್ಲೇ ಹೊರಗೆ ಬಂದೆ.

ಹೊರಗೆ ಬಂದರೆ ಒಂದು ಎತ್ತಿನ ಗಾಡಿ! ಕಬ್ಬಿನ ಹಾಲಿನ ಅಂಗಡಿಯ ಹಿಂಡಿದ ಸಿಪ್ಪೆ ಗಾಡಿ ತುಂಬ. ಗಾಡಿಯವನು ಹಿಮ್ಮುಖ ಮಾಡಿ ನಿಧಾನವಾಗಿ ಗೋಡೆಗೆ ಸೇರಿಸುತ್ತಿದ್ದ. ಸೀರೆಯ ಸಿಟ್ಟೆಲ್ಲ ಅವನ ಮೇಲೆ ಇಳಿಯಿತು. ಎತ್ತಿನ ಹಗ್ಗ ಹಿಡಿದು ಅಡ್ಡ ನಿಂತೆ.

"ತುಲಾ ವಾಚತಾ ಯೇತ ನಾಹೀ ಕಾ?" ಎಂದು ಕೂಗಿದೆ. ನಿನಗೆ ಓದಲು ಬರುವುದಿಲ್ಲವೇ ಎಂದು.

ಅವನು ಬೀಡಿಯನ್ನು ಬಾಯಿಂದ ತೆಗೆದು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ವಾಚೂನಚ ಆಲೋ ಕೀ," ಎಂದ. ಓದಿಯೇ ಬಂದೆನಲ್ಲಪ್ಪಾ ಎಂದು. ಹಗ್ಗ ನನ್ನ ಕೈಯಿಂದ ಬಿಡಿಸಿಕೊಂಡು ಗಾಡಿ ಎತ್ತಿ ಸುರಿದ.

ಗಾಡಿ ಹೋದ ಮೇಲೂ ನಾನು ಅಲ್ಲೇ ನಿಂತಿದ್ದೆ. ಅಷ್ಟರಲ್ಲಿ ಓಣಿಯ ಬಾಯಿಯಲ್ಲಿ ಯಾರೋ ನಗುವುದು ಕೇಳಿಸಿತು. ಸಣ್ಣ ನಗುವಲ್ಲ. ತಾತ್ಯಾ ಗಡಹಿಂಗ್ಲಜದಿಂದ ಮರಳಿ ಬಂದಿದ್ದರು. ಬಾಣದ ಬೋರ್ಡಿನ ಬುಡದಲ್ಲಿ ಚೀಲ ಛತ್ರಿ ಎಸೆದು, ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟಿದ್ದರು.

"ರುದ್ರಾಪ್ಪಾ, ನಾ ಏನ ಹೇಳಿದ್ದೆ, ನೀ ಏನ ಬರದೀಯೋ?"

"ನೀವ ಹೇಳಿದ್ದನ್ನಽ ಬರದೇನ್ರಿ ತಾತ್ಯಾ. ಒಂದ ಅಕ್ಷರ ಹೆಚ್ಚಿಲ್ಲ, ಒಂದ ಕಡಿಮಿಲ್ಲ."

"ಅಕ್ಷರ ಎಲ್ಲಾ ಬರೋಬರ ಅದಾವೋ. ನಡುವಿನ ಜಾಗಾ ತಪ್ಪೇತಿ," ಎಂದು ತಾತ್ಯಾ ಕಣ್ಣೀರು ಒರಸಿಕೊಂಡರು. "ಟಾಕೂ, ಜಾಗಾ, ನಯೇ. ಅಂದರ ಹಾಕಬಾರದು. ನೀ ಏನ ಮಾಡೀದಿ? ಟಾಕೂನ, ಜಾಗಾ, ಯೇ. ಅಂದರ ಹಾಕಿ ಬಾ! ಇಲ್ಲಿ ಕಸಾ ಹಾಕಿ ಬಾ, ಹುಕುಮಾವರೂನ! ಮ್ಯಾಲ ಒಂದ ಗುಲಾಬಿ ಹೂ ಬ್ಯಾರೆ ಕೊಟ್ಟ ಕರದೀ ಅಲ್ಲೋ!"

'ಬನ್ನಿ' ಅಂತ ಬಹುವಚನವೂ ಅಲ್ಲ, 'ಬಾ' ಎಂದು ಮನೆಯ ಮಗುವನ್ನು ಕರೆದಂತೆ ಕರೆದಿದ್ದೇನೆ. ಕೊಲ್ಹಾಪುರದ ಜನಕ್ಕೆ ಏಕವಚನವೆಂದರೆ ಪ್ರೀತಿ. ಇಷ್ಟು ಪ್ರೀತಿಯಿಂದ, ಅಪ್ಪಣೆಯ ಸಮೇತ ಕರೆದರೆ ಯಾರು ತಾನೇ ಬಾರದೆ ಇದ್ದಾರು?

"ನೀವ ಆ ಹೊತ್ತಿಗೇ ಉಗುಳಬೇಕಿತ್ತೇನ್ರಿ?" ಎಂದೆ, ಅಳುವ ದನಿಯಲ್ಲಿ.

"ಉಗುಳಿನ ಜಾಗಾದಾಗ ಹೂವ ಬರಿ ಅಂತ ನಾ ಹೇಳಿದ್ನೇನೋ?" ಎಂದರು ತಾತ್ಯಾ.

ಸ್ಟೂಲು, ಸುತ್ತಿಗೆ, ಇಕ್ಕಳ ತಂದು ಗೋಡೆಯ ಬೋರ್ಡಿಗೆ ಏರಿದೆ. ಎರಡು ಮೊಳೆ ಕಿತ್ತಿರಬೇಕು, ಕೆಳಗಿನಿಂದ ಒಂದು ಗಡಸು ದನಿ ಬಂತು.

"ಏ, ಹಾತ ಲಾವೂ ನಕೋ! ಹೀ ಪಾಟೀ ಕುಣೀ ಲಾವಲೀ?"

ತಿರುಗಿ ನೋಡಿದರೆ ಖಾಕಿ ಟೊಪ್ಪಿಗೆ, ಸೈಕಲ್ಲು, ಕಂಕುಳಲ್ಲಿ ರಿಜಿಸ್ಟರು. ಮುನ್ಸಿಪಾಲ್ಟಿಯ ಸ್ವಚ್ಛತೆಯ ಇನ್ಸ್‌ಪೆಕ್ಟರ ಸಾಹೇಬರು. ಬೋರ್ಡಿಗೆ ಕೈ ಹಚ್ಚಬೇಡ, ಇದನ್ನು ಹಾಕಿದವರು ಯಾರು ಎಂದು ಕೇಳುತ್ತಿದ್ದರು. ನಾನು ಸ್ಟೂಲಿನ ಮೇಲೆಯೇ ಕೈ ಮುಗಿದೆ. ಇಕ್ಕಳವೂ ಕೈಯಲ್ಲೇ ಇತ್ತು.

"ಮೀ, ಸಾಹೇಬ. ಚೂಕ ಝಾಲೀ," ಎಂದೆ. ನಾನೇ, ತಪ್ಪಾಯಿತು ಎಂದು.

ಸಾಹೇಬರು ಬೋರ್ಡಿನ ಕೊನೆಯ ಸಾಲಿಗೆ ಬೆರಳು ಚಾಚಿದರು. "ಹುಕುಮಾವರೂನ! ಕುಣಾಚ್ಯಾ ಹುಕುಮಾವರೂನ?" ಯಾರ ಅಪ್ಪಣೆಯಿಂದ?

ಅಷ್ಟರಲ್ಲಿ ಗದ್ದಲ ಕೇಳಿ ಗಂಗವ್ವ ಲಟ್ಟಣಿಗೆ ಹಿಡಿದೇ ಬಾಗಿಲಿಗೆ ಬಂದಿದ್ದಳು. ಸರಕಾರದ ಹೆಸರಿನಲ್ಲಿ ಸುಳ್ಳು ಹುಕುಂ ಬರೆದವನಿಗೆ ಏನು ಶಿಕ್ಷೆಯೋ ನನಗೆ ಗೊತ್ತಿರಲಿಲ್ಲ. ಸತ್ಯವನ್ನೇ ಹೇಳಿಬಿಡುವುದು ಮೇಲೆನಿಸಿತು. ಹೆಂಡತಿಯ ಕಡೆಗೆ ಕೈ ತೋರಿಸಿ, "ಹಿಚ್ಯಾ," ಎಂದೆ. ಇವಳ ಅಪ್ಪಣೆ.

ಸಾಹೇಬರು ಗಂಗವ್ವನನ್ನು ನೋಡಿದರು, ಲಟ್ಟಣಿಗೆಯನ್ನು ನೋಡಿದರು, ಮತ್ತು ಆ ಅಧಿಕಾರವನ್ನು ಮನಸಾರೆ ಒಪ್ಪಿಕೊಂಡವರಂತೆ ತಲೆದೂಗಿದರು. ನಂತರ ಅವರು ಹೇಳಿದ್ದನ್ನು ತಾತ್ಯಾ ನನಗೆ ಕನ್ನಡದಲ್ಲಿ ಬಿಡಿಸಿ ಹೇಳಬೇಕಾಯಿತು, ಏಕೆಂದರೆ ನನ್ನ ಕಿವಿಯನ್ನು ನಾನು ನಂಬಲಿಲ್ಲ. ಕಸ ಹಾಕಬೇಡಿ ಎಂದು ಎಷ್ಟು ಕಡೆ ಬರೆಸಿದರೂ ಈ ಊರಿನ ಜನ ಒಬ್ಬರೂ ಕೇಳಿರಲಿಲ್ಲವಂತೆ. ಒಂದು ವಾರದಿಂದ ಗುಡಿಯ ಸುತ್ತಿನ ಅಷ್ಟೂ ಮೂಲೆಗಳು ತಾವಾಗಿಯೇ ಸ್ವಚ್ಛವಾಗಿವೆಯಂತೆ. ಇದೇನು ಚಮತ್ಕಾರ ಎಂದು ಹುಡುಕುತ್ತ ಬಂದರೆ ಇಡೀ ಭಾಗದ ಕಸ ಶಿಸ್ತಿನಿಂದ ಇಲ್ಲಿ ಕೂತಿದೆ. ಎಲ್ಲಿ ಹಾಕಬಾರದು ಎಂದು ಹೇಳುವುದಕ್ಕಿಂತ ಎಲ್ಲಿ ಹಾಕಬೇಕು ಎಂದು ಹೇಳಿದರೆ ಜನ ಕೇಳುತ್ತಾರೆ ಎಂಬ ಯುಕ್ತಿ ನಿನಗೆ ಹೇಗೆ ಹೊಳೆಯಿತು ಎಂದು ಸಾಹೇಬರು ನನ್ನನ್ನು ಕೇಳುತ್ತಿದ್ದರು.

"ಸಾಹೇಬ, ಚೂಕ ಝಾಲೀ," ಎಂದೆ ಮತ್ತೊಮ್ಮೆ. ಅದನ್ನು ಅವರು ವಿನಯವೆಂದು ತಿಳಿದರು.

ಹೋಗುವ ಮುನ್ನ ಅವರು ಗಂಗವ್ವನ ಕಡೆ ತಿರುಗಿ, ಸಮಾಧಾನ ಹೇಳುವ ದನಿಯಲ್ಲಿ ಒಂದು ಮಾತು ಹೇಳಿದರು. "ಬಾಈ, ಕಾಳಜೀ ಕರೂ ನಕಾ. ಉದ್ಯಾ ತುಮಚ್ಯಾ ದಾರಾಸಮೋರ ಮೋಠೀ ಕುಂಡೀ ಬಸವತೋ."

ಗಂಗವ್ವನ ಮರಾಠಿ ಕಾಯಿಪಲ್ಯೆ ಕೊಳ್ಳುವಷ್ಟು ಮಾತ್ರ. ಕಾಳಜಿ ತಿಳಿಯಿತು, ಬಾಗಿಲು ತಿಳಿಯಿತು, ಮೋಠಿ ಅಂದರೆ ದೊಡ್ಡದೆಂದೂ, ಬಸವತೋ ಅಂದರೆ ಕೂಡಿಸುವುದೆಂದೂ ತಿಳಿಯಿತು. ಕುಂಡಿ ಎಂಬುದು ಮಾತ್ರ ಅಪ್ಪಟ ಕನ್ನಡವಾಗಿ ಕಿವಿಗೆ ಬಿತ್ತು. ಲಟ್ಟಣಿಗೆ ಮೇಲೇರಿತು.

"ನನ್ನ ಬಾಗಲಾ ಮುಂದ ಬಂದು ಏನ ಕೂಡಸತಾನಂತ ಇಂವ?"

"ಗಂಗಾ, ತಡಿ, ಕುಂಡಿ ಅಂದ್ರ ಮರಾಠ್ಯಾಗ ಕಸಾ ಹಾಕೂ ಡಬ್ಬಿ. ಕಬ್ಬಣದ್ದು," ಎಂದು ನಾನು ಸ್ಟೂಲಿನಿಂದ ಹಾರಿ ಅವಳ ಕೈ ಹಿಡಿದೆ.

"ಮರಾಠ್ಯಾಗ ಏನರೆ ಇರಲಿ. ಬಾಗಲಾ ನನ್ನದು," ಎಂದಳು ಗಂಗವ್ವ. ಆದರೆ ಸಾಹೇಬರು ಅಷ್ಟರಲ್ಲಿ ಸೈಕಲ್ಲು ಏರಿದ್ದರು.

ಕುಂಡಿ ಬಂತು. ಆಳೆತ್ತರದ ಕಬ್ಬಿಣದ ಕುಂಡಿ, ಮೇಲೊಂದು ಮುಚ್ಚಳ. ಗೋಡೆಯ ಬುಡವನ್ನೆಲ್ಲ ಮುನ್ಸಿಪಾಲ್ಟಿಯ ಆಳುಗಳು ಕೆರೆದು, ಸುಣ್ಣ ಚೆಲ್ಲಿ, ಅದನ್ನು ಅಲ್ಲಿ ಪ್ರತಿಷ್ಠಾಪನೆ ಮಾಡಿದರು. ದಿನಾ ಮುಂಜಾನೆ ಗಾಡಿ ಬಂದು ಬರಿದು ಮಾಡಿಕೊಂಡು ಹೋಗುವ ಏರ್ಪಾಡಾಯಿತು. ಬಾಣದ ಬೋರ್ಡೂ ಗೋಡೆಯ ಬೋರ್ಡೂ ಸಾಹೇಬರ ಅಪ್ಪಣೆಯ ಮೇರೆಗೆ ಇದ್ದಲ್ಲೇ ಇರಬೇಕು. ನನ್ನ ಬರಹದಲ್ಲಿ ಒಂದೇ ಒಂದು ಶಬ್ದ ಸುಳ್ಳಾಗಿತ್ತು, ಅದೂ ನಿಜವಾಯಿತು.

ಹುಣ್ಣಿಮೆಯ ಮುಂಜಾನೆ ಗಂಗವ್ವ ಖಾನಾವಳಿಯ ಎರಡು ಒಲೆಗಳನ್ನೂ ಒಟ್ಟಿಗೆ ಹೊತ್ತಿಸಲಿಲ್ಲ. ಒಂದನ್ನೇ ಹೊತ್ತಿಸಿ, ಹಿಟ್ಟು ಎದುರಿಗಿಟ್ಟುಕೊಂಡು, ರೊಟ್ಟಿ ಬಡಿಯದೆ ಸುಮ್ಮನೆ ಕೂತಳು. ಸೀರೆಯ ಟ್ರಂಕು ಇನ್ನೂ ಬಾಗಿಲ ಹಿಂದೆಯೇ ಇತ್ತು. ನಾನು ಒಳಗೆ ತಗಡು ಬಡಿಯುವ ನೆವದಲ್ಲಿ ಒಂದೇ ಮೊಳೆಯನ್ನು ಹತ್ತು ಸಲ ಹೊಡೆದೆ. ಗೌಡರ ಟ್ರಕ್ಕು ಓಣಿಯ ಬಾಯಿಗೆ ನಿಂತ ಸದ್ದು ಬಂತು. ರುಮಾಲು ಮೂಗಿಗೆ ಹಿಡಿದೇ ಅವರು ನಡೆದು ಬಂದರು. ನಮ್ಮ ಬಾಗಿಲ ಮುಂದೆ ನಿಂತರು. ನಿಧಾನವಾಗಿ ರುಮಾಲು ಇಳಿಸಿದರು, ಒಮ್ಮೆ ಉದ್ದಕ್ಕೆ ಉಸಿರೆಳೆದು ನೋಡಿದರು.

"ಎಲಾ! ತಿಪ್ಪಿ ಎಲ್ಲಿ ಹೋತು ಗಂಗವ್ವಾ?"

ಗಂಗವ್ವ ಓಡಿ ಹೋಗಿ ಎರಡನೆಯ ಒಲೆಗೆ ಕಡ್ಡಿ ಗೀರಿದಳು. ಆಮೇಲೆ ಸೆರಗಿನಿಂದ ಕಣ್ಣೊರಸಿಕೊಂಡು, "ಹೊಗಿ ಭಾಳ ಆಗೇತ್ರಿ ಗೌಡ್ರ, ಬರ್ರಿ, ಕೂಡ್ರಿ," ಎಂದಳು. ಒಲೆ ಆಗತಾನೇ ಹೊತ್ತಿತ್ತು, ಹೊಗೆ ಇನ್ನೂ ಎದ್ದಿರಲಿಲ್ಲ. ಇಪ್ಪತ್ತು ಮಂದಿಯೂ ಉಂಡರು. ಮಜ್ಜಿಗೆ ಸಾಲದೆ ನಾನು ಎರಡು ಸಲ ಗೌಳಿಯ ಮನೆಗೆ ಓಡಿದೆ. ಅಷ್ಟು ಸಂತೋಷದಿಂದ ನಾನು ಎಂದೂ ಓಡಿರಲಿಲ್ಲ.

ಖಾನಾವಳಿ ಉಳಿಯಿತು. ಹೆಸರು ಮಾತ್ರ ಉಳಿಯಲಿಲ್ಲ. ಗುಡಿಯ ಬಳಿ ಯಾತ್ರಿಕರು ಗಂಗವ್ವನ ಖಾನಾವಳಿ ಎಲ್ಲಿ ಎಂದು ಕೇಳಿದರೆ, ಅಲ್ಲಿಯ ಅಂಗಡಿಯವರು, "ತೀ ಕಾಯ, ಕುಂಡೀಸಮೋರಚೀ ಖಾನಾವಳ," ಎಂದು ಕೈ ತೋರಿಸತೊಡಗಿದರು. ಕಸದ ಕುಂಡಿಯ ಎದುರಿನ ಖಾನಾವಳಿ ಎಂದು; ಅವರ ಭಾಷೆಯಲ್ಲಿ ಅದು ಮರ್ಯಾದೆಯ ವಿಳಾಸ. ಕನ್ನಡದವರ ಕಿವಿಗೆ ಬಿದ್ದ ಮೇಲೆ ಅದು ಏನಾಗಬೇಕೋ ಅದಾಯಿತು. ಗೌಡರ ಊರಿನಿಂದ ಬಂದ ಒಬ್ಬ ಭಾರಿ ಆಸಾಮಿ ಬಾಗಿಲಲ್ಲಿ ನಿಂತು, ನಗು ತಡೆಯಲಾರದೆ, "ಕುಂಡಿ ಖಾನಾವಳಿ ಅಂದ್ರ ಇದ ಏನ್ರೀ ಅಕ್ಕಾರ?" ಎಂದು ಕೇಳಿದ ದಿನ ಗಂಗವ್ವ ಅವನಿಗೆ ಊಟ ಬಡಿಸಿದಳು, ನನಗೆ ಬಡಿಸಲಿಲ್ಲ.

ಆ ಸಂಜೆ ಅವಳು ನಿರ್ಧಾರದ ದನಿಯಲ್ಲಿ ಹೇಳಿದಳು. "ಖಾನಾವಳಿಗೆ ಒಂದ ಹೆಸರಿನ ಬೋರ್ಡ ಬೇಕು. ಕನ್ನಡದಾಗ. ದೊಡ್ಡ ಅಕ್ಷರದಾಗ. ಗಂಗವ್ವನ ಖಾನಾವಳಿ ಅಂತ."

ನಾನು ತಕ್ಷಣ ಎದ್ದೆ. ಕನ್ನಡ ನನ್ನ ತಾಯಿಭಾಷೆ. ಇದರಲ್ಲಿ ಯಾವ ತಾತ್ಯಾ ಬೇಡ, ಯಾವ ಉಗುಳೂ ಬೇಡ. ಒಳ್ಳೆಯ ತಗಡು ಆರಿಸಿ, ಕುಂಚ ತೊಳೆದು, ಈ ಸಲ ನವಿಲು ಎಲ್ಲಿ ಬರಬೇಕೆಂದು ಲೆಕ್ಕ ಹಾಕುತ್ತ ಹೊರಗೆ ಬಂದೆ.

ಬೀದಿಯ ಕೋಣೆಯಲ್ಲಿ ಬೋರ್ಡು ಆಗಲೇ ಗೋಡೆಗೆ ಒರಗಿ ನಿಂತಿತ್ತು. ಮಧ್ಯಾಹ್ನವೇ ಅವಳು ನಾಲ್ಕು ಓಣಿ ಆಚೆಯ ಪೇಂಟರನಿಂದ ಬರೆಸಿ ತರಿಸಿದ್ದಳು. ಗಂಗವ್ವನ, ಜಾಗ, ಖಾನಾವಳಿ. ಜಾಗ ಖಾಲಿಯಾಗಿಯೇ ಇತ್ತು, ಹೂವಿರಲಿಲ್ಲ.

ನನ್ನ ಕೈಯಿಂದ ಕುಂಚ ತೆಗೆದುಕೊಂಡು ಗಂಗವ್ವ ಸುತ್ತಿಗೆ ಕೊಟ್ಟಳು. ಮೊಳೆ ಹೊಡೆಯುವ ಕೆಲಸ ನನ್ನದಂತೆ. ಅದೂ, ತಾತ್ಯಾ ಬಂದು ಪಕ್ಕದಲ್ಲಿ ನಿಂತು, ಬೋರ್ಡು ತಲೆಕೆಳಗಾಗಿಲ್ಲ ಎಂದು ಹೇಳಿದ ಮೇಲೆ.